ತಟ್ಟೆಗೆ ಎರಡೇ ಪೆಟ್ಟು

ಇವತ್ತು ಬೆಳಿಗ್ಗೆ ಕೆಳಗಿನ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯಿಂದ ತಂದ ಕೊತ್ತಂಬರಿ ಕಟ್ಟಿಗೆ ಅಗಲವಾದ ಹಸಿರು ರಬ್ಬರ್ ಬ್ಯಾಂಡ್ ಹಾಕಿದ್ದರು. ಬಿಡಿಸಿ ಮೂಗಿಗೆ ಹಿಡಿದೆ. ರಬ್ಬರೂ ಕೊತ್ತಂಬರಿಯೂ ಸೇರಿದ ವಾಸನೆ ಒಳ್ಳೆಯದೇನಲ್ಲ. ಆದರೂ ಎಸೆಯಲಿಲ್ಲ. ಎರಡು ಹೆಬ್ಬೆರಳಿಗೆ ಸಿಕ್ಕಿಸಿ ಒಮ್ಮೆ ಎಳೆದೆ, ಬಿಟ್ಟೆ. ಈ ವಯಸ್ಸಿನಲ್ಲಿ ಅಡುಗೆಮನೆಯಲ್ಲಿ ರಬ್ಬರ್ ಎಳೆಯುತ್ತ ನಿಂತವಳನ್ನು ಕಂಡು ನಿಮಗೆ ನಗು ಬಂದರೆ ನಗಿ. ಟೆಸ್ಸಿ ಟೀಚರನ್ನು ಕಂಡಿದ್ದರೆ ನೀವೂ ಎಳೆಯುತ್ತಿದ್ದಿರಿ.

ಟೆಸ್ಸಿ ಫಿಲಿಪೀನ್ಸಿನವಳು. ಗಲ್ಫಿನಲ್ಲಿ ನಾವಿರುವ ಉಮ್ ಅಲ್ ಹಸ್ಸಮ್‌ನ ಈ ಹಳೆಯ ಬಿಲ್ಡಿಂಗಿನಲ್ಲಿ ನಮ್ಮ ತಲೆಯ ಮೇಲಿನ ಫ್ಲ್ಯಾಟು ಅವಳದಾಗಿತ್ತು. ಕೆಲಸಕ್ಕೆ ಇಂಗ್ಲಿಷ್ ಬೇಕಾದವರಿಗೆ ಸಂಜೆ ಮಾತು ಕಲಿಸುತ್ತಿದ್ದಳು. ನನ್ನ ಹಾಗೇ ಕುಳ್ಳಿ, ಒಣಮೀನು ಅಂದರೆ ಜೀವ. ಅವಳು ನಮ್ಮ ಬಾಗಿಲು ದಾಟಿದ್ದು ನನ್ನ ಸೊಸೆ ಸಫಿಯಾಳ ದೆಸೆಯಿಂದ.

ಸಫಿಯಾಳಿಗೆ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಫೋನಿನ ಮುಂದೆ ಕೂರುವ ಕೆಲಸ ಸಿಕ್ಕಿತ್ತು. ಓದಿದವಳು. ಅವಳ ಇಂಗ್ಲಿಷಿನಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲವಂತೆ. ಆದರೆ 'ಭಾನುವಾರ ಡಾಕ್ಟರ್ ಇಲ್ಲ, ಸೋಮವಾರ ಬನ್ನಿ' ಎಂದು ಇವಳು ಹೇಳಿದರೆ ಅರಾದ್‌ನಿಂದ ಒಬ್ಬಳು ಮುದುಕಿ ಕೆನ್ನೆ ಊದಿಸಿಕೊಂಡು ಭಾನುವಾರವೇ ಬಂದು ಕೂತಳು. ಅಂಥದ್ದು ಅದು ಮೂರನೆಯ ಸಲ. "ನೀನು ಹೇಳುವುದೆಲ್ಲ ಸರಿ. ಕೇಳುವವರ ತಲೆಯಲ್ಲಿ ಮಾತ್ರ ಯಾವುದೂ ನಿಲ್ಲುವುದಿಲ್ಲ. ತಿಂಗಳ ಕೊನೆಯವರೆಗೆ ನೋಡುತ್ತೇನೆ" ಎಂದನಂತೆ ಮ್ಯಾನೇಜರು. ನನ್ನ ಮಗ ರಫೀಕ್ ಡ್ರೈವರು. ಅವನೊಬ್ಬನ ಸಂಬಳದಲ್ಲಿ ಈ ಫ್ಲ್ಯಾಟು ನಡೆಯುವುದಿಲ್ಲ. ಸೊಸೆಯ ಕೆಲಸ ಹೋದರೆ ಅವನು ಬ್ಯಾಚುಲರ್ ರೂಮಿಗೆ, ನಾವಿಬ್ಬರು ಬಂಟ್ವಾಳಕ್ಕೆ. ಮದುವೆಯಾಗಿ ಅವರು ಒಂದು ಸೂರಿನಡಿ ಬಂದು ಎಂಟು ತಿಂಗಳಾಗಿತ್ತಷ್ಟೆ.

ಟೆಸ್ಸಿ ಮೊದಲ ದಿನ ಸಫಿಯಾಳಿಂದ ಅದೇ ಮಾತನ್ನು ಹೇಳಿಸಿದಳು. ತಿದ್ದಲಿಲ್ಲ. ಕೈಯಲ್ಲಿದ್ದ ಅಗಲದ ರಬ್ಬರ್ ಬ್ಯಾಂಡನ್ನು ತೆಗೆದು ತಾನೇ ಹೇಳಿದಳು. 'ಸಂಡೇ' ಬಂದಾಗ ರಬ್ಬರ್ ಎಳೆದಳು, 'ಮಂಡೇ' ಬಂದಾಗ ಇನ್ನೂ ಉದ್ದ ಎಳೆದಳು. ಉಳಿದ ಶಬ್ದಗಳಿಗೆ ರಬ್ಬರ್ ಸುಮ್ಮನೆ ಜೋತುಬಿದ್ದಿತ್ತು.

"ಹಾಗೆ ಅರ್ಧಂಬರ್ಧ ನುಂಗಿದ್ರೆ ಹೇಗೆ ಟೀಚರ್? ನಮ್ಮ ಶಾಲೆಯಲ್ಲಿ ಒಂದು ಶಬ್ದ ನುಂಗಿದ್ರೆ ಕೈಗೆ ಬೀಳ್ತಿತ್ತು" ಎಂದಳು ಸಫಿಯಾ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು.

ನಾನು ಮೀನು ಕೊಯ್ಯುತ್ತಿದ್ದೆ. ಬಾಯಿ ಸುಮ್ಮನಿರಲಿಲ್ಲ. "ಬೀಡಿಗೆ ನೂಲು ಒಂದು ಕಡೆ ಕಟ್ಟುದು ಮಗಳೇ. ಉದ್ದಕ್ಕೂ ಸುತ್ತಿದ್ರೆ ಹೊಗೆ ಎಲ್ಲಿಂದ ಬರ್ತದೆ?" ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟು ಮೂವತ್ತು ವರ್ಷ ಬೀಡಿ ಕಟ್ಟಿದವಳು ನಾನು. ನನಗೆ ಗೊತ್ತಿದ್ದದ್ದು ಅಷ್ಟೆ.

ಸಫಿಯಾ ಅದನ್ನೂ ತಿಳಿಸಿ ಹೇಳಿದಾಗ ಟೆಸ್ಸಿ ನನ್ನತ್ತ ತಿರುಗಿ ತನ್ನ ಮುರುಕು ಹಿಂದಿಯಲ್ಲಿ, "ಮಾಮಾ, ತುಮ್ ಇಂಗ್ಲಿಷ್ ಜಾನ್ತಾ?" ಎಂದಳು. ಅವಳ ಬಾಯಲ್ಲಿ ಮಾಮಾ ಅಂದರೆ ಅಮ್ಮ.

"ನಹೀ."

"ಬಹುತ್ ಅಚ್ಛಾ! ತುಮ್ ಎಕ್ಸಾಮಿನರ್."

ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಸ್ಟೀಲಿನ ತಟ್ಟೆ, ಚಮಚ ಕೊಟ್ಟಳು. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಬಡಿಯಬೇಕು. ಅರ್ಥ ಗೊತ್ತಿರುವವರು ಅರ್ಥಕ್ಕೆ ಬಡಿಯುತ್ತಾರೆ, ನಾನಾದರೆ ಕೇಳಿದ್ದಕ್ಕೆ ಮಾತ್ರ ಬಡಿಯುತ್ತೇನೆ ಎಂಬುದು ಅವಳ ಲೆಕ್ಕ. ಸಫಿಯಾ ಬಾಯಿ ತೆರೆದದ್ದೇ ನಾನು ಟಕಟಕಟಕ ಬಡಿದೆ.

"ಉಮ್ಮ, ಎಂತ ಇದು, ಪಾತ್ರೆ ಅಂಗಡಿಯಾ?"

"ನೀನು ಎಲ್ಲ ಒಂದೇ ತೂಕದಲ್ಲಿ ಹಾಕಿದ್ರೆ ನಾನು ಎಂತ ಮಾಡ್ಲಿ?"

ಮರುದಿನ ಅವಳು ಕಿರುಚಿದಳು. ಕಿರುಚುವುದು ಭಾರವಲ್ಲ ಎಂದಳು ಟೆಸ್ಸಿ. ಒಂದನ್ನು ಎಳೆಯಬೇಕು, ಉಳಿದವನ್ನು ಬಿಡಬೇಕು. ಆ ಬಿಡುವುದೇ ನನ್ನ ಸೊಸೆಗೆ ಕಷ್ಟವಾದದ್ದು.

ಆವತ್ತು ಟೆಸ್ಸಿ ಮಾಡಿದ್ದನ್ನು ನಿಮಗೆ ಹೇಗೆ ಹೇಳಲಿ? ಭಾನುವಾರ ಡಾಕ್ಟರ್ ಇಲ್ಲಿಲ್ಲ ಎಂಬ ಒಂದೇ ಮಾತನ್ನು ಮೂರು ಸಲ ಹೇಳಿದಳು. ಒಮ್ಮೆ ಭಾರ ಡಾಕ್ಟರ್ ಮೇಲೆ, ಒಮ್ಮೆ 'ಇಲ್ಲಿ'ಯ ಮೇಲೆ, ಒಮ್ಮೆ ಭಾನುವಾರದ ಮೇಲೆ. ಗೋಡೆ ನೋಡುತ್ತ ಕೂತ ನನಗೆ ಮೂವರು ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಕೋಣೆಗೆ ಬಂದು ಹೋದ ಹಾಗಾಯಿತು. ಶಬ್ದಗಳು ಅವೇ. ಒಂದನ್ನೂ ಹೊರಗೆ ಹಾಕಿರಲಿಲ್ಲ, ಒಂದನ್ನೂ ಹೊಸದಾಗಿ ಕರೆದಿರಲಿಲ್ಲ. ಆದರೂ ಹೇಳಿದ್ದೇ ಬೇರೆ. ಮೊದಲ ಸಲ ವಿಮಾನ ಮೇಲೆದ್ದಾಗ ಊಟ ಯಾವಾಗ ಕೊಡುತ್ತಾರೆ ಎಂದು ಕೇಳಿದವಳು ನಾನು. ಅಂಥವಳ ತೋಳಿನ ರೋಮ ಎದ್ದು ನಿಂತಿತು. ಚಮಚ ಕೈಯಲ್ಲೇ ಉಳಿಯಿತು.

ಇಪ್ಪತ್ತು ದಿನ ಹೀಗೆ ನಡೆಯಿತು. ರಫೀಕ್ ಕಿವಿಗೆ ಹತ್ತಿ ಇಟ್ಟುಕೊಂಡು ಊಟ ಮಾಡಿದ. ಒಂದು ಸಂಜೆ ಸಫಿಯಾ ಮಾತು ಮುಗಿಸಿದಾಗ ನೋಡಿದರೆ ನಾನು ತಟ್ಟೆಗೆ ಎರಡೇ ಪೆಟ್ಟು ಹೊಡೆದಿದ್ದೆ. ಒಂದು ಸಂಡೇಗೆ, ಒಂದು ಮಂಡೇಗೆ.

ತಿಂಗಳ ಕೊನೆಯ ವಾರ ಅರಾದ್‌ನ ಆ ಮುದುಕಿಯೇ ಮತ್ತೆ ಫೋನ್ ಮಾಡಿದಳಂತೆ. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದನಂತೆ. ಮುಂದಿನ ಸೋಮವಾರ ಸಂಜೆ ಸಫಿಯಾ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಉಮ್ಮ, ಆ ಅಜ್ಜಿ ಇವತ್ತೇ ಬಂದ್ರು! ನಿನ್ನೆ ಅಲ್ಲ, ಇವತ್ತು!"

"ಹಲ್ಲು ಕಿತ್ರಾ?"

"ಕಿತ್ರು" ಎಂದು ಅಳತೊಡಗಿದಳು. ಕೆಲಸ ಉಳಿಯಿತು ಎಂದು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಟೆಸ್ಸಿ ಹೋದ ವರ್ಷ ತನ್ನ ಊರಿಗೆ ಹೋದಳು. ಹೊರಡುವ ದಿನ ನಾನು ಒಣಮೀನಿನ ಕಟ್ಟು ಕೊಟ್ಟಾಗ ನಗುತ್ತ ಒಂದು ಮಾತು ಹೇಳಿದಳು, ಸಫಿಯಾ ತಿಳಿಸಿದಳು. ಮನೆಯವರನ್ನು ನಾನು ಊಟಕ್ಕೆ ಕರೆಯುವುದನ್ನು ಅವಳು ಮಹಡಿಯಿಂದ ದಿನಾ ಕೇಳುತ್ತಿದ್ದಳಂತೆ. ನಮ್ಮ ಭಾಷೆಯ ಒಂದಕ್ಷರ ಅವಳಿಗೆ ಬಾರದು. "ಮಾಮಾ ಕರೆಯುವಾಗ ಭಾರ ಯಾವಾಗಲೂ ಊಟದ ಮೇಲೆ. ಹೆಸರಿನ ಮೇಲೆ ಒಂದು ದಿನವೂ ಬೀಳಲಿಲ್ಲ."

ನನಗೆ ಸಿಟ್ಟು ಬಂದಿತ್ತು. ತಣ್ಣಗಾಗುವುದು ಊಟವೇ ಹೊರತು ಹೆಸರಲ್ಲವಲ್ಲ.

ಇವತ್ತು ಶುಕ್ರವಾರ, ಸಫಿಯಾಳಿಗೆ ರಜೆ. ಚಾ ಸೋಸಿಟ್ಟೆ. ಹಸಿರು ರಬ್ಬರ್ ಇನ್ನೂ ಹೆಬ್ಬೆರಳಲ್ಲಿತ್ತು. ಕರೆಯಲು ಬಾಯಿ ತೆರೆದವಳು ರಬ್ಬರನ್ನು ಅವಳ ಹೆಸರಿಗೆ ಎಳೆದೆ, ಚಾಕ್ಕೆ ಬಿಟ್ಟುಬಿಟ್ಟೆ.

ಅವಳು ಗಾಬರಿಯಾಗಿ ಓಡಿಬಂದಳು. "ಎಂತ ಆಯ್ತು ಉಮ್ಮ?"

"ಎಂತದೂ ಇಲ್ಲ. ಚಾ ಕುಡಿ" ಎಂದೆ.

ಅವಳು ಲೋಟ ಹಿಡಿದು ನನ್ನ ಕೈಯ ರಬ್ಬರನ್ನೇ ನೋಡುತ್ತ ನಿಂತಳು. ಚಾ ತಣ್ಣಗಾಯಿತು.