ಹೂ ಕೇಳಿ ಹಾಕಿದ ಗೇರು

ನಮ್ಮ ಯಜಮಾನರನ್ನು ಕೊಂದದ್ದು ಗೇರು. ಗುಡ್ಡಕ್ಕೆ ಭಾರ ಹೊರುವ ಜೀಪಿಗೆ ಹೈವೇಯಲ್ಲಿ ಓಡುವ ಗೇರು ಹಾಕಿದರು. ಅದು ಹತ್ತಲಿಲ್ಲ, ಹಿಂದಕ್ಕೆ ಉರುಳಿತು. ಊರಿನವರು ಹಣೆಬರಹ ಅಂದರು, ದೃಷ್ಟಿ ಅಂದರು, ಕರೆಂಟು ತೆಗೆಯುವ ಗಾಳಿಕಂಬ ನೆಡಲು ಗುಡ್ಡ ಕಡಿದದ್ದಕ್ಕೆ ಗುಡ್ಡ ಬಲಿ ತಗೊಂಡಿತು ಅಂದರು. ಮೊಮ್ಮಕ್ಕಳಿಗೆ ಯಾರು ಏನೇ ಹೇಳಲಿ, ನಾನು ಹೇಳುವುದು ಇಷ್ಟೇ.

ನಮ್ಮೂರು ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮನೆಯ ಹಿಂದೆಯೇ ಗುಡ್ಡ, ಗುಡ್ಡದ ಮೇಲೆ ಬೇಲಿ ಕಟ್ಟಿ ಕುರಿ ಕೂಡುವ ನಮ್ಮ ರೊಪ್ಪ. ಮಗನ ಗ್ಯಾರೇಜು ಹಿರಿಯೂರಿನಲ್ಲಿ, ಹೈವೇ ಪಕ್ಕ. ಯಜಮಾನರ ಹತ್ತಿರ ಒಂದು ಹಳೆಯ ಜೀಪಿತ್ತು, ವಯಸ್ಸಿನಲ್ಲಿ ಮಗನಿಗಿಂತ ದೊಡ್ಡದು. ಅವನು ಅದನ್ನು ಗ್ಯಾರೇಜಿಗೆ ಎಳೆದುಕೊಂಡು ಹೋಗಿ ಮೇಲಿನ ಟಾಪು ಕತ್ತರಿಸಿದ. ಮುಂದಿನ ಗಾಜು ಗಿಡ್ಡ ಮಾಡಿದ. ಯಾವುದೋ ವ್ಯಾನಿನ ದೊಡ್ಡ ಇಂಜಿನ್ನು ಕೂರಿಸಿದ. ಮುಂದಿನ ಚಕ್ರಗಳೂ ಎಳೆಯುವಂತೆ ಮಾಡುವ ರಾಡನ್ನು ಸುಮ್ಮನೆ ಭಾರ ಎಂದು ಬಿಚ್ಚಿ ಮೂಲೆಗೆ ಹಾಕಿದ. ದಪ್ಪ ಟೈರು, ಕೆಂಪು ಬಣ್ಣ. ಹೊಳಲ್ಕೆರೆ, ಚಿತ್ರದುರ್ಗದ ಹುಡುಗರು ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

ಜಗಳ ಬಂದದ್ದು ಹಿಂದಿನ ಗೇರಿಗೆ. ಹಿಂದಿನ ಎರಡು ಚಕ್ರಗಳ ನಡುವೆ ಗುಂಡನೆಯ ಒಂದು ಉಬ್ಬಿರುತ್ತದಲ್ಲ, ಅದರೊಳಗೆ ದೊಡ್ಡ ಹಲ್ಲಿನ ಚಕ್ರ ಒಂದು, ಚಿಕ್ಕದು ಒಂದು. ಕ್ರೌನ್, ಪಿನಿಯನ್ ಎನ್ನುತ್ತಾರೆ. ಹಳೆಯ ಜೋಡಿಯಲ್ಲಿ ಚಿಕ್ಕದು ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು. ಅದು ಎಳೆಯುತ್ತದೆ, ಓಡುವುದಿಲ್ಲ. ಮಗ ಚಿತ್ರದುರ್ಗದ ಗುಜರಿಯಿಂದ ತಂದ ಜೋಡಿಗೆ ನಾಲ್ಕು ಸುತ್ತೂ ಬೇಡ. ಅದು ಓಡುತ್ತದೆ, ಎಳೆಯುವುದಿಲ್ಲ. ಟೈರು ದೊಡ್ಡದಾದರೆ ಎಳೆತ ಇನ್ನೂ ಕಡಿಮೆ. ಇದನ್ನು ತಿಳಿಯಲು ಓದಬೇಕಾಗಿಲ್ಲ, ಒಂದು ದಿನ ಮೇವು ಕತ್ತರಿಸುವ ಮಿಷನ್ನು ಕೈಯಲ್ಲಿ ತಿರುಗಿಸಿದರೆ ಸಾಕು.

ಎರಡೂ ಜೋಡಿಯನ್ನು ಅಂಗಳದಲ್ಲಿ ಗೋಣಿಚೀಲದ ಮೇಲಿಟ್ಟುಕೊಂಡು ಅಪ್ಪ ಮಗ ಕುಳಿತಿದ್ದರು.

"ಅಪ್ಪ, ಹಳೇ ಗೇರಲ್ಲಿ ಅರವತ್ತು ದಾಟಿದ್ರೆ ಬಾಯ್ ಬಡ್ಕಂತೈತೆ. ಲಾರಿಯೋರೂ ಹಾರನ್ ಹೊಡ್ಕಂಡು ಮುಂದೆ ಹೋಗ್ತಾರೆ. ಮರ್ಯಾದೆ ಹೋಗ್ತೈತೆ" ಅಂದ ಮಗ.

"ಲೇ, ನಿನ್ ಮರ್ಯಾದೆ ಹೈವೇಲೈತೆ, ನನ್ ಕುರಿ ಗುಡ್ಡದ್ ಮ್ಯಾಲವೆ. ನೀರಿನ ಡ್ರಮ್ಮು ಯಾರಪ್ಪ ಹೊರ್ತಾನೆ?"

"ನಮ್ಮಪ್ಪನೇ ಹೊರ್ತಾನೆ ಬಿಡು." ಮಗ ನಕ್ಕ. ಅವರೂ ನಕ್ಕರು. "ಇಂಜಿನ್ ದೊಡ್ಡದೈತಪ್ಪ, ಎಳೀತೈತೆ."

ನನಗೆ ತಡೆಯಲಾಗಲಿಲ್ಲ. "ಬಾಯಲ್ಲಿ ಯಾಕ್ ಎಳೀತೀರಿ? ಹಾಕಿ, ಎರಡು ಡ್ರಮ್ಮು ತುಂಬ್ಸಿ ಗುಡ್ಡ ಹತ್ಸಿ ನೋಡ್ರಿ. ಹತ್ತಿದ್ರೆ ಇಟ್ಕಳ್ರಿ, ಇಲ್ಲಾಂದ್ರೆ ಬಿಚ್ರಿ" ಅಂದೆ.

"ಬಿಚ್ಚೋದು ಅಂದ್ರೆ ಬಾಳೆಹಣ್ಣು ಸುಲಿಯೋದು ಅನ್ಕಂಡ್ಯೇನವ್ವ? ಅದೆಲ್ಲ ಇಳಿಸ್ಬೇಕು, ಅಳತೆ ನೋಡಿ ಕೂರಿಸ್ಬೇಕು. ಒಂದ್ಸಲ ಕೂರಿಸಿದ್ರೆ ಮುಗೀತು."

ನಮ್ಮಲ್ಲಿ ಮಾತು ಹೀಗೆ ನಿಂತರೆ ಮನೆದೇವರ ಹತ್ತಿರ ಹೂ ಕೇಳುತ್ತಾರೆ. ಬೋರು ಎಲ್ಲಿ ಕೊರೆಸಬೇಕು, ಹೆಣ್ಣು ಕೊಡಬೇಕೋ ಬೇಡವೋ, ಮಂದೆ ಯಾವ ದಿಕ್ಕಿಗೆ ಹೊಡೆಯಬೇಕು, ಎಲ್ಲದಕ್ಕೂ ಹೂವೇ. ಗೇರಿಗೂ ಕೇಳೋಣ ಎಂದವರು ಯಜಮಾನರೇ. ಎರಡೂ ಜೋಡಿಯನ್ನು ಟವಲಿನಲ್ಲಿ ಸುತ್ತಿ ಗುಡಿಗೆ ತಗೊಂಡು ಹೋದರು. ಗ್ರೀಸು ಮೆತ್ತಿದ ಕಬ್ಬಿಣಕ್ಕೆ ಪೂಜಾರಿ ಕುಂಕುಮ ಹಚ್ಚಿದ. ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದ. "ಓಡೋ ಗೇರು ಹಾಕೋದಾದ್ರೆ ಬಲಕ್ಕೆ ಕೊಡಪ್ಪ" ಎಂದು ಕೇಳಿದರು. ಬಲಗಡೆಯದು ಬಿತ್ತು. ಒದ್ದೆ ಹೂ ಅಂಟಿಸಿದರೆ ಎರಡರಲ್ಲಿ ಒಂದು ಮೊದಲು ಬೀಳಲೇಬೇಕು. ಆ ದೇವರಿಗೆ ಕುರಿಯ ರೋಗ ಗೊತ್ತಿರಬಹುದು, ಮಳೆ ಗೊತ್ತಿರಬಹುದು. ಗೇರು ಗೊತ್ತಿರಲಿಲ್ಲ.

ಬರುವಾಗ ದಾರಿಯಲ್ಲಿ ಕೇಳಿದೆ: "ಏನ್ರಿ, ನಿಮ್ ಮನಸ್ಸಿಗೆ ಒಪ್ಪಿಗೆ ಐತಾ?"

"ಅಪ್ಪಣೆ ಆದ್ ಮ್ಯಾಲೆ ನನ್ ಮನಸ್ಸು ಕಟ್ಕಂಡು ಏನ್ ಮಾಡ್ತೀಯ?"

ಅಲ್ಲಿಗೆ ಮುಗಿಯಿತು. ಗೇರು ಕೂತ ಮೇಲೆ ಡ್ರಮ್ಮು ಹೇರಿ ಗುಡ್ಡ ಹತ್ತಿಸಿ ನೋಡಿ ಎಂದು ನಾನು ಇನ್ನೊಂದು ಸಲ ಅಂದೆ. ದೇವರ ಮಾತಿಗೆ ಪರೀಕ್ಷೆ ಇಡಬಾರದು ಎಂದು ಅಪ್ಪ ಮಗ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬಂದರು. ಆವರೆಗೆ ಎರಡಾಗಿದ್ದವರು ಆವತ್ತು ಒಂದಾದರು. ಮಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಯಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದ. ಅವರು ಟವಲು ಗಾಳಿಗೆ ಕಳೆದುಕೊಂಡು ಬಂದು, "ಬಸ್ಸನ್ನೇ ಹಿಂದಾಕಿದ್ವಿ ಕಣೆ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಖುಷಿಯಾಗಿಯೇ ಇದ್ದರು. ಅದನ್ನೂ ಹೇಳಬೇಕು.

ಬೇಸಿಗೆ ಬಂತು. ಅಲ್ಲಿಯವರೆಗೆ ಕುರಿಗೆ ನೀರಾಗಿದ್ದ ಗುಡ್ಡದ ಮೇಲಿನ ಹೊಂಡ ಒಣಗಿತು. ಈದ ಕುರಿಗಳನ್ನೂ ಎಳೆ ಮರಿಗಳನ್ನೂ ಆ ಬಿಸಿಲಿನಲ್ಲಿ ಕೆಳಗೆ ಹೊಡೆಯುವಂತಿರಲಿಲ್ಲ. ನಾನು ರೊಪ್ಪದಲ್ಲಿ ಉಳಿದೆ. ಅವರು ಎರಡು ಡ್ರಮ್ಮು ನೀರು ತುಂಬಿಕೊಂಡು ಜೀಪು ತರಲು ಇಳಿದು ಹೋದರು. ಮಗ ಗ್ಯಾರೇಜಿನಲ್ಲಿದ್ದ.

ಗಾಳಿಕಂಬದವರು ಕಡಿದ ದಾರಿ ಅದು, ಬರೀ ಜಲ್ಲಿ. ಮೇಲಿನಿಂದ ನೋಡುತ್ತಲೇ ಇದ್ದೆ. ಕೆಳಗಿನ ತಿರುವು ದಾಟಿ ಕಡಿದಾದ ಜಾಗಕ್ಕೆ ಬಂದರು. ಹಳೆಯ ಗೇರಿನಲ್ಲಿ ಆ ಜಾಗದಲ್ಲಿ ಜೀಪು ಕಿರುಚಿಕೊಂಡಾದರೂ ಹತ್ತುತ್ತಿತ್ತು. ಇದು ಕಿರುಚಲಿಲ್ಲ. ದನಿ ಇಳಿಯಿತು, ಎರಡು ಸಲ ಕೆಮ್ಮಿತು, ನಿಂತಿತು. ವ್ಯಾನಿನ ಇಂಜಿನ್ನಿನ ಜೊತೆ ಹಾಕಿದ ಬ್ರೇಕು, ಇಂಜಿನ್ನು ನಿಂತರೆ ಪೆಡಲು ಕಲ್ಲಿನಂತೆ ಬಿಗಿಯಾಗಿ ತುಳಿದರೂ ಹಿಡಿಯುವುದಿಲ್ಲವಂತೆ. ಅದನ್ನು ಮಗ ಆಮೇಲೆ ಹೇಳಿದ. ಜೀಪು ಮೆಲ್ಲಗೆ ಹಿಂದಕ್ಕೆ ಸರಿಯಿತು, ಆಮೇಲೆ ಬೇಗ. ಅವರು ಧುಮುಕಲಿಲ್ಲ, ಸ್ಟೇರಿಂಗ್ ಹಿಡಿದೇ ಇದ್ದರು. ದಾರಿಯ ಅಂಚು ತಪ್ಪಿ ಮಗುಚಿತು. ನಾನು ಬಿದ್ದು ಎದ್ದು ಇಳಿದು ಹೋಗುವಷ್ಟರಲ್ಲಿ ನೀರೆಲ್ಲ ಜಲ್ಲಿ ಕುಡಿದಿತ್ತು. ಅವರ ಕೈ ಬೆಚ್ಚಗಿತ್ತು, ಉಸಿರು ಇರಲಿಲ್ಲ.

ಹೆಣವನ್ನು ಹಿರಿಯೂರಿನ ಆಸ್ಪತ್ರೆಗೆ ಒಯ್ದರು. ಡಾಕ್ಟರು ಕೊಯ್ದು ನೋಡಿ ಮಾರನೆಯ ದಿನ ಕೊಡುತ್ತೇವೆ ಅಂದರು. ಮಗ ಅಲ್ಲಿನ ಜಗುಲಿಯ ಮೇಲೆ ಕುಸಿದು ಕುಳಿತಿದ್ದ.

"ಅವ್ವ, ದೇವ್ರೇ ಕೊಟ್ಟಿದ್ದಲ್ವೇನವ್ವ? ನಾನೇನ್ ಮಾಡ್ಲಿ?"

"ದೇವ್ರು ಹೂ ಕೊಟ್ಟ. ಸ್ಪ್ಯಾನರ್ ಹಿಡ್ದೋನು ನೀನು."

ಅವನು ಮಂಡಿಗೆ ಮುಖ ಕೊಟ್ಟು ಅತ್ತ.

"ಅಳು, ಬ್ಯಾಡ ಅನ್ನಲ್ಲ. ದೇವ್ರ ಹೆಸ್ರು ಹೇಳ್ಕಂಡು ಮಾತ್ರ ಅಳ್ಬ್ಯಾಡ" ಅಂದೆ. ಬೆನ್ನು ಸವರಲಿಲ್ಲ. ನಾನು ಊರಿಗೆ ಬರುವಷ್ಟರಲ್ಲಿ, ಹೂ ಕೇಳುವಾಗ ಯಾರದೋ ಮೈಲಿಗೆ ತಗುಲಿತ್ತು ಎಂದು ಪೂಜಾರಿ ಸಂಜೆಗೇ ಊರಿಗೆಲ್ಲ ಹೇಳಿಬಿಟ್ಟಿದ್ದ. ನೆಂಟರು ಮನೆ ತುಂಬ ಕುಳಿತು ಯಾವ ಶಾಂತಿ ಮಾಡಿಸಬೇಕೆಂದು ಮಾತಾಡಿಕೊಳ್ಳುತ್ತಿದ್ದರು. ಕುರಿಯ ಮಾತು ಯಾರೂ ಎತ್ತಲಿಲ್ಲ.

ಮಾರನೆಯ ಬೆಳಗ್ಗೆ ಎದ್ದು ಕೊಡ ತುಂಬಿದೆ. ಸೊಸೆ ಬಾಗಿಲಿಗೆ ಅಡ್ಡ ನಿಂತಳು. "ಅತ್ತೆ, ಹೆಣ ಬರೋ ಹೊತ್ತು. ಎಲ್ಲಿಗೆ ಹೊಂಟ್ರಿ? ಜನ ಏನಂತಾರೆ?"

"ಏನಾರ ಅನ್ಲಿ. ನಿನ್ನೆಯಿಂದ ಕುರಿಗೆ ನೀರಿಲ್ಲ. ದಾರಿ ಬಿಡು."

ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಗುಡ್ಡ ಹತ್ತಿದೆ. ರೊಪ್ಪದಲ್ಲಿ ಒಂದು ಮರಿ ಸತ್ತು ಬಿದ್ದಿತ್ತು. ಅದನ್ನು ಬೇಲಿಯ ಆಚೆ ಹಾಕಿ, ಈದ ಕುರಿಗಳಿಗೆ ಮೊದಲು ನೀರಿಟ್ಟೆ. ಸಾಲಲಿಲ್ಲ. ಖಾಲಿ ಕೊಡ ತಗೊಂಡು ಮತ್ತೆ ಇಳಿದೆ.