ಪಿನ್‌ಬಾಲ್‌ನಲ್ಲಿ ಹೊಸನಗರದ ದಾರಿ

ರಿಪ್ಪನ್‌ಪೇಟೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಕೆಲಸ. ಒಮ್ಮೆ ಬೆಂಗಳೂರಿಗೆ ತಂಗಿಯ ಮನೆಗೆ ಹೋದಾಗ ಮಾಲ್ ಒಂದರಲ್ಲಿ ಪಿನ್‌ಬಾಲ್ ಆಡಿದೆ. ಗಾಜಿನ ಕೆಳಗೆ ಇಳಿಜಾರಾದ ಹಲಗೆ, ಅದರ ಮೇಲೆ ಉರುಳಿ ಬರುವ ಉಕ್ಕಿನ ಗುಂಡು. ಪಕ್ಕದ ಬಟನ್ ಒತ್ತಿದರೆ ಕೆಳತುದಿಯ ಎರಡು ಪುಟ್ಟ ಕೈಗಳು ಅದನ್ನು ಮೇಲಕ್ಕೆ ಹೊಡೆಯುತ್ತವೆ. ಅವುಗಳ ನಡುವೆ ಜಾರಿತೋ, ಗುಂಡು ಹೋಯಿತು. ನನ್ನದು ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ತಂಗಿ ನಕ್ಕಳು. ನನಗೆ ಮಾತ್ರ ಆ ಕೈಗಳ 'ಟಕ್' ಸದ್ದು ಕಿವಿಯಲ್ಲೇ ಉಳಿಯಿತು. ಅದು ಕಾಯಿಲ್‌ನ, ಕರೆಂಟು ಹರಿದಾಗ ಕಬ್ಬಿಣವನ್ನು ಸೆಳೆಯುವ ತಂತಿಸುರುಳಿಯ ಸದ್ದು. ಕಾಯಿಲ್ ಸುತ್ತುವುದು ನನಗೆ ಬರುತ್ತದೆ. ಇದನ್ನು ನಾನೇ ಮಾಡುತ್ತೇನೆ ಎಂದುಕೊಂಡೇ ಊರಿನ ಬಸ್ ಹತ್ತಿದೆ.

ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗೆಳತಿಯಿದ್ದಾಳೆ, ಹೈಸ್ಕೂಲಿನಲ್ಲಿ ಜೊತೆಗೆ ಓದಿದವಳು. "ದೇವರ ಮಂಟಪ ಮಾಡಿದ ಕೈಗೆ ಇದೊಂದು ಬಾಕಿ ಇತ್ತು ನೋಡು" ಎನ್ನುತ್ತ ಮರದ ಕೆಲಸ ಒಪ್ಪಿಕೊಂಡಳು. ಆಟಕ್ಕೆ ನಮ್ಮೂರ ಬಸ್‌ಸ್ಟ್ಯಾಂಡನ್ನೇ ಆರಿಸಿಕೊಂಡೆವು. ಗುಂಡೇ ಬಸ್ಸು. ಎಡಕ್ಕೆ ಸಾಗರ, ಬಲಕ್ಕೆ ತೀರ್ಥಹಳ್ಳಿ, ನಡುವಿನ ಏರುದಾರಿಯಲ್ಲಿ ಹೊಸನಗರ. ಮೂರೂ ಊರು ಮುಟ್ಟಿದರೆ ದೀಪಗಳೆಲ್ಲ ಹೊತ್ತಿಕೊಂಡು 'ಲಾಸ್ಟ್ ಬಸ್' ಹೊರಡುತ್ತದೆ, ಅಂಕ ದುಪ್ಪಟ್ಟಾಗುತ್ತದೆ.

ಮೊದಲು ಸುತ್ತಿದ ಕಾಯಿಲ್‌ಗಳೆಲ್ಲ ಹೊಗೆಯಾಡಿದವು. ಬಟನ್ ಒತ್ತಿ ಹಿಡಿದರೆ ಸಾಕು, ಸುಡುತ್ತಿದ್ದವು. ಹೊಡೆಯುವುದಕ್ಕೆ ದಪ್ಪ ತಂತಿ, ಎತ್ತಿ ಹಿಡಿಯುವುದಕ್ಕೆ ತೆಳು ತಂತಿ, ಎರಡನ್ನೂ ಒಂದೇ ಕಾಯಿಲ್‌ನಲ್ಲಿ ಸುತ್ತಬೇಕೆಂದು ಅರ್ಥವಾಗುವಷ್ಟರಲ್ಲಿ ಮಳೆಗಾಲ ಬಂದಿತ್ತು. "ಪಂಪ್‌ಸೆಟ್ಟಿನವ್ರು ಬಂದು ಕಾಯ್ತಿದಾರೆ ಮಾರಾಯ್ತಿ, ನಿಂಗೆ ಇದರದ್ದೇ ಚಿಂತೆ" ಎಂದು ಗಂಡ ಗೊಣಗಿದರು. ಬೆಳಿಗ್ಗೆ ಪಂಪು, ಊಟದ ಮೇಲೆ ಪಿನ್‌ಬಾಲ್ ಎಂದು ನಿಯಮ ಮಾಡಿಕೊಂಡೆ. ಬಿಡಲಿಲ್ಲ.

ಮೆಷಿನ್ ಓಡತೊಡಗಿದ ಮೇಲೆ ಸುದ್ದಿ ತಿಳಿದು ತೀರ್ಥಹಳ್ಳಿಯಿಂದ ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು ಬಂದರು. ಮುಂಬೈಯಲ್ಲಿದ್ದಾಗ ಪಿನ್‌ಬಾಲ್ ಕಲಿತವರು, ಈಗಲೂ ಬೆಂಗಳೂರಿನ ಪಂದ್ಯಗಳಿಗೆ ಹೋಗಿಬರುತ್ತಾರೆ. ಅವರು ಗುಂಡನ್ನು ಬಲಗಡೆಯ ಪುಟ್ಟ ಕೈ ಮೇಲೆ ನಿಲ್ಲಿಸಿಕೊಂಡು ಹೊಸನಗರಕ್ಕೆ ಹೊಡೆದರು. ಅದು ಏರುದಾರಿ ಸುತ್ತಿ ಮತ್ತೆ ಅದೇ ಕೈಗೆ ಬಂತು. ಮತ್ತೆ ಹೊಸನಗರ. ನಾನು ಒಳಗೆ ಹೋಗಿ ಚಹಾ ಮಾಡಿ ತಂದಾಗಲೂ ಹೊಸನಗರವೇ.

"ಮೆಷಿನ್ ಚೆಂದ ಇದೆ. ಆದ್ರೆ ಪಂದ್ಯಕ್ಕೆ ಬರಲ್ಲ, ಒಂದೇ ದಾರೀಲಿ ಅಂಕ ಬರ್ತಾನೇ ಇರ್ತದೆ" ಎಂದರು.

"ನೀವು ತೀರ್ಥಹಳ್ಳಿಗೆ ಹೊಡೀಬಹುದಿತ್ತಲ್ಲ ಸಾರ್?"

"ಎಂತಕ್ಕೆ ಹೊಡೀಲಿ? ಅಲ್ಲಿ ಹೋದ್ರೆ ಗುಂಡು ಬೀಳ್ತದೆ. ಗೆಲ್ಲಕ್ಕೆ ಬಂದೋನು ನಿಮ್ಮ ಚೆಂದ ನೋಡ್ತಾನಾ?"

ಸಿಟ್ಟಿನಿಂದ ಮುಖ ಬಿಸಿಯಾಯಿತು. ಅವರು ಹೇಳಿದ್ದು ನಿಜವೆಂದು ಗೊತ್ತಿದ್ದುದಕ್ಕೇ ಅಷ್ಟು ಸಿಟ್ಟು. ದೀಪಾವಳಿ ಕಳೆದ ಮೇಲೆ ಬೆಂಗಳೂರಿನಲ್ಲಿ ಪಂದ್ಯವಿದೆ, ಸ್ವಂತ ಮಾಡಿದ ಮೆಷಿನ್‌ಗಳನ್ನೂ ಇಡುತ್ತಾರೆ ಎಂದು ಹೇಳಿ ಹೋದರು.

ಏರುದಾರಿಯನ್ನು ಕಿರಿದು ಮಾಡಿ ನೋಡಿದೆ. ಆಗ ಹೊಸನಗರಕ್ಕೆ ಯಾರಿಂದಲೂ ಹೋಗಲಾಗಲಿಲ್ಲ, ಆಟ ಸಪ್ಪೆಯಾಯಿತು. ಮತ್ತೆ ಅಗಲ ಮಾಡಿದೆ. ಹಾಗಿರುವಾಗ ಒಂದು ದಿನ ಪಂಪ್ ರಿಪೇರಿಗೆ ತಂದವರೊಬ್ಬರು ತಡವಾಗಿ ಬಂದು, "ದಾರೀಲಿ ಮರ ಬಿದ್ದಿತ್ತು, ಬಸ್ಸು ಬಳಸ್ಕೊಂಡು ಬಂತು" ಎಂದರು. ಅವರನ್ನು ಕೂರಿಸಿ ಗೆಳತಿಗೆ ಫೋನ್ ಮಾಡಿದೆ.

"ನಂಗೊಂದು ಮರ ಬೇಕು ಕಣೇ. ಬೀಳೋ ಮರ."

ಹೆಬ್ಬೆರಳಿನಷ್ಟು ಮರ ಕೆತ್ತಿಕೊಟ್ಟಳು. ಅದಕ್ಕೊಂದು ಸಣ್ಣ ಕಾಯಿಲ್ ಜೋಡಿಸಿದೆ. ಎರಡು ಸಲ ಹೊಸನಗರಕ್ಕೆ ಹೋಗಿಬಂದರೆ ಮರ ಬಿದ್ದು ದಾರಿ ಮುಚ್ಚುತ್ತದೆ; ಸಾಗರವನ್ನೋ ತೀರ್ಥಹಳ್ಳಿಯನ್ನೋ ಮುಟ್ಟಿದರಷ್ಟೇ ತೆರೆಯುತ್ತದೆ.

ಮೆಷಿನ್‌ಗೆ ಹಾಸಿಗೆ ಸುತ್ತಿ ಗೂಡ್ಸ್ ಗಾಡಿಯಲ್ಲಿ ಬೆಂಗಳೂರಿಗೆ ಒಯ್ದೆವು. ಆಟಗಾರ್ತಿಯಾಗಿಯೂ ಹೆಸರು ಕೊಟ್ಟಿದ್ದೆ. ಮೊದಲ ಸುತ್ತಿನಲ್ಲೇ ಸೋತೆ. ಮಧ್ಯಾಹ್ನದ ಹೊತ್ತಿಗೆ ಮೆಷಿನ್ನಿನ ಎಡಗೈ ಸೋಲತೊಡಗಿತು. ಪಂದ್ಯ ನಡೆಸುವವರು, "ಮೇಡಂ, ಇದನ್ನ ಆಫ್ ಮಾಡಿಬಿಡೋಣ" ಎಂದರು.

"ಬೇಡ. ಸ್ವಲ್ಪ ತಡೀರಿ" ಎಂದೆ. ಎಲ್ಲರೂ ನೋಡುತ್ತಿರುವಂತೆಯೇ ಹಲಗೆ ಎತ್ತಿ, ಸುತ್ತಿ ತಂದಿದ್ದ ಇನ್ನೊಂದು ಕಾಯಿಲ್ ಹಾಕಿದೆ. ಬೆರಳು ಸುಟ್ಟಿತು. 'ಟಕ್' ಎಂದು ಗಟ್ಟಿಯಾಗಿ ಕೇಳಿದ ಮೇಲೆಯೇ ಕೈ ತೆಗೆದೆ.

ಸೆಮಿಫೈನಲ್‌ನಲ್ಲಿ ಮ್ಯಾನೇಜರರಿಗೆ ನನ್ನ ಮೆಷಿನ್ನೇ ಬಂತು. ಹೊಸನಗರ ಒಂದು ಸಲ, ಎರಡು ಸಲ. ಮರ ಬಿತ್ತು. ಆಗಲೇ ಹೊಡೆದಾಗಿದ್ದ ಗುಂಡು ಮರಕ್ಕೆ ಬಡಿದು ನೇರ ಎರಡು ಕೈಗಳ ನಡುವೆ ಇಳಿಯಿತು. ಸುತ್ತ ನಿಂತವರು ಹೋ ಎಂದರು. ಉಳಿದ ಗುಂಡುಗಳಲ್ಲಿ ಅವರು ಬೆವರುತ್ತ ತೀರ್ಥಹಳ್ಳಿಗೆ ಹೊಡೆದರು, ಸಾಗರಕ್ಕೆ ಹೊಡೆದರು, ಒಮ್ಮೆ ಲಾಸ್ಟ್ ಬಸ್ಸನ್ನೂ ಹೊರಡಿಸಿದರು. ಆದರೂ ಸ್ವಲ್ಪದರಲ್ಲಿ ಸೋತರು. ಕರ್ಚೀಫಿನಿಂದ ಮುಖ ಒರೆಸಿಕೊಂಡು ನನ್ನ ಬಳಿ ಬಂದು, "ಈಗ ಆಟ ಆಯ್ತು ನೋಡಿ" ಎಂದರು. ಗೆಳತಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಅವರು ಈಗಲೂ ಅಂಗಡಿಗೆ ಬಂದು ಆಡುತ್ತಾರೆ, ತಪ್ಪು ಹುಡುಕುತ್ತಾರೆ. ಮೊನ್ನೆ ಸಾಗರದ ತಿರುವಿನಲ್ಲಿ ಗುಂಡು ಸಿಕ್ಕಿಕೊಳ್ಳುವ ಜಾಗವೊಂದನ್ನು ತೋರಿಸಿಕೊಟ್ಟರು. ಸ್ಕ್ರೂಡ್ರೈವರ್ ತಂದು ಗಾಜು ಬಿಚ್ಚಿದೆ.