ಹಡಗು ಮುಳುಗಿಸಿದ ಕಾಲ್ಗುಣ

ನಾಗಮಂಗಲದ ದೇವಲಾಪುರ ಹೋಬಳಿಯಲ್ಲಿ ನೀರಿಗಾಗಿ ಜಗಳ ಆಡಿದವರು ಮನೆಗೊಬ್ಬರು ಸಿಗುತ್ತಾರೆ. ನೀರಿನ ಮೇಲೆ ಯುದ್ಧ ಮಾಡಿದವನು ಮಾತ್ರ ಚಿಕ್ಕಸ್ವಾಮಣ್ಣ ಒಬ್ಬನೇ. ಹೋಬಳಿಗೆ ಅಷ್ಟು ಸಾಕು ಎಂಬುದು ಅವನ ಅಭಿಪ್ರಾಯವೂ ಆಗಿತ್ತು.

ಮೀಸೆ ಇನ್ನೂ ಸರಿಯಾಗಿ ಕಪ್ಪಾಗದ ವಯಸ್ಸಿನಲ್ಲಿ ಅಪ್ಪನ ಮೇಲೆ ಮುನಿಸಿಕೊಂಡು ಮನೆ ಬಿಟ್ಟವನು, ಊರೂರು ಸುತ್ತಿ, ಹೇಗೋ ಬ್ರಿಟಿಷರ ವಿಮಾನವಾಹಕ ಹಡಗೊಂದರ ಅಡಿಗೆಮನೆ ಸೇರಿದ. ನಲವತ್ತೆರಡನೇ ಇಸವಿಯಲ್ಲಿ ಆ ಹಡಗನ್ನು ಲಂಕೆಯ ಹತ್ತಿರ ಜಪಾನಿನ ವಿಮಾನಗಳು ಬಾಂಬು ಹಾಕಿ ಮುಳುಗಿಸಿದವು. ಇಷ್ಟು ನಿಜ. ಇಷ್ಟನ್ನೇ ಹೇಳಿ ಸುಮ್ಮನಾಗಿದ್ದರೆ ಅವನು ಚಿಕ್ಕಸ್ವಾಮಣ್ಣ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ, ಹಾಲಿನ ಕ್ಯಾನನ್ನು ಕಾಲ ಬುಡದಲ್ಲಿ ಇಟ್ಟುಕೊಂಡು, ಅವನು ಆ ಹಡಗನ್ನು ಇನ್ನೊಂದು ಸಲ ಮುಳುಗಿಸುತ್ತಿದ್ದ.

"ಅಡಗು ಅಂದ್ರೆ ನೀವ್ ಅಂದ್ಕಂಡಂಗಲ್ಲ ಕಣ್ರಲಾ. ಮ್ಯಾಲ್ಗಡೆ ಬರೀ ಕಣ. ನಮ್ಮೂರ್ ಕಣ ಎಲ್ಲಾ ಸೇರ್ಸುದ್ರೂ ಅದರ ಒಂದು ಮೂಲೆ ಆಗಾಕಿಲ್ಲ. ರಾಗಿ ಕಣಕ್ಕೆ ಗುಬ್ಬಿ ಬಂದು ಕೂತಂಗೆ ಇಮಾನ ಬಂದು ಕೂತ್ಕಳವು."

ವರ್ಷ ಕಳೆದಂತೆ ಹಡಗು ಬೆಳೆಯಿತು. ಎಪ್ಪತ್ತರ ದಶಕದಲ್ಲಿ ಅದು ನಾಗಮಂಗಲದ ಬಸ್ ನಿಲ್ದಾಣದಷ್ಟಿತ್ತು. ಎಂಬತ್ತರಲ್ಲಿ ಪಕ್ಕದ ಸಂತೆ ಮೈದಾನವನ್ನೂ ಒಳಗೆ ಹಾಕಿಕೊಂಡಿತು. ತೊಂಬತ್ತನಾಲ್ಕರ ಹೊತ್ತಿಗೆ ಅದರ ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿಯವನ ಮುಖ ಕಾಣುತ್ತಿರಲಿಲ್ಲ. ಅಷ್ಟು ದೊಡ್ಡದನ್ನು ಮುಳುಗಿಸಲು ಸಮುದ್ರದಲ್ಲಿ ನೀರು ಸಾಕಾಯಿತೇ ಎಂದು ಕೇಳುವಷ್ಟು ಒರಟರು ಊರಲ್ಲಿ ಇರಲಿಲ್ಲ. ಡೈರಿಯ ಪುಟ್ಟಸ್ವಾಮಿ ಮಾತ್ರ ಒಮ್ಮೆ ಕೇಳಿದ್ದ:

"ಅಲ್ಲ ಕಣಣ್ಣೋ, ನಿಂಗೆ ಈಜೇ ಬರಾಕಿಲ್ವಲ್ಲ. ಎಂಗ್ ಬದುಕ್ದೆ?"

"ನಮ್ಮೂರ್ ಕೆರೇಲಿ ನೀರ್ ಎಲ್ಲೈತ್ಲಾ, ಈಜು ಕಲಿಯಾಕೆ? ಈರುಳ್ಳಿ ಪೆಟ್ಟಿಗೆ ತಬ್ಕಂಡು ತೇಲ್ದೆ. ಜಪಾನ್ನೋನು ಮ್ಯಾಲಿಂದ ನೋಡ್ದ. ಅಡಿಗೆಯೋನು, ಓಗ್ಲಿ ಬುಡು ಅಂತ ಬುಟ್ಬುಟ್ಟ."

ಹೀಗೆ ಬಾಳುತ್ತಿದ್ದವನಿಗೆ ಆ ವರ್ಷ ಸಂಕಟ ಬಂದದ್ದು ಮೊಮ್ಮಗಳು ಪ್ರಮೀಳಾಳ ಮದುವೆಯಲ್ಲಿ. ಛತ್ರ ಇದ್ದದ್ದು ಪಾಂಡವಪುರದಲ್ಲಿ. ಹೆಣ್ಣಿನ ಕಡೆಯ ದಿಬ್ಬಣಕ್ಕೆ ಗೊತ್ತಾದದ್ದು ಅದೇ ಊರಿನ ಚಲುವರಾಜು ಕೊಂಡಿದ್ದ ಹೊಸ ಮೆಟಡೋರ್ ವ್ಯಾನು. ಅದರ ಮೊದಲ ಬಾಡಿಗೆಯೇ ಇದು. ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ, ಹಳೇ ಎಕ್ಕಡ, ದೃಷ್ಟಿಬೊಂಬೆ ಎಲ್ಲವನ್ನೂ ಕಟ್ಟಿ, ಮುಂದಿನ ರಸ್ತೆ ಕಾಣಲು ಒಂದಷ್ಟು ಗಾಜನ್ನು ಉಳಿಸಿದ್ದರು.

ಚಿಕ್ಕಸ್ವಾಮಣ್ಣ ಬಿಳೀ ಪಂಚೆ, ಇಸ್ತ್ರಿ ಅಂಗಿ ಹಾಕಿಕೊಂಡು, ಹಡಗು ಹತ್ತುವ ಗತ್ತಿನಲ್ಲೇ ಬಂದು ಮೆಟ್ಟಿಲಿಗೆ ಕಾಲು ಎತ್ತಿದ. ಚಲುವರಾಜುವಿನ ತಾಯಿ ಪುಟ್ಟಗೌರಮ್ಮ ಅಡ್ಡ ಬಂದಳು.

"ಚಿಕ್ಕಸ್ವಾಮಣ್ಣ, ಬ್ಯಾಸ್ರ ಮಾಡ್ಕಬ್ಯಾಡ ಕಣಪ್ಪ. ವಸ ಗಾಡಿ. ನೀನು ಅತ್ಬ್ಯಾಡ."

"ಯಾಕವ್ವಾ?"

"ಊರಗ್ಲ ಅಡಗು ಮುಳುಗ್ಸಿದ್ ಕಾಲು ನಿಂದು. ಈ ವ್ಯಾನು ಯಾವ ಮೂಲೆಗೆ? ದಾರೀಲಿ ನಾಲೆ ಬೇರೆ ಐತೆ."

ಚಿಕ್ಕಸ್ವಾಮಣ್ಣನ ಕಾಲು ಗಾಳಿಯಲ್ಲೇ ನಿಂತಿತು. ಐವತ್ತು ವರ್ಷ ತನ್ನ ಹಡಗಿಗೆ ಜನ ಬಾಯಿ ಬಿಟ್ಟಿದ್ದನ್ನು ಕಂಡಿದ್ದ. ಅದನ್ನು ಹೀಗೆ ತನ್ನ ಕಾಲಿಗೇ ಕಟ್ಟುತ್ತಾರೆಂದು ಅವನು ಎಣಿಸಿರಲಿಲ್ಲ.

"ಮುಳುಗ್ಸಿದ್ದು ಜಪಾನ್ನೋರು ಕಣವ್ವ, ನನ್ ಕಾಲಲ್ಲ!"

"ಜಪಾನ್ನೋರಿಗೆ ಬ್ಯಾರೆ ಅಡಗೇ ಸಿಗ್ನಿಲ್ವಾ? ನೀನಿದ್ದುದ್ದೇ ಆಗ್ಬೇಕಿತ್ತಾ?"

ಈ ಪ್ರಶ್ನೆಗೆ ಬ್ರಿಟಿಷ್ ನೌಕಾಪಡೆಯ ಬಳಿಯೂ ಉತ್ತರ ಇದ್ದಿರಲಾರದು. ಪುಟ್ಟಗೌರಮ್ಮ ಅಷ್ಟಕ್ಕೇ ಬಿಡಲಿಲ್ಲ. ಪುಟ್ಟಸ್ವಾಮಿಯ ಹೊಸ ಟ್ರಾಕ್ಟರು ಇವನನ್ನು ಕೂರಿಸಿಕೊಂಡ ದಿನವೇ ಹಳ್ಳಕ್ಕೆ ಇಳಿದಿತ್ತು. ಇವನು ತೆಂಗಿನಕಾಯಿ ಒಡೆದ ಬೋರ್‌ವೆಲ್ಲಿನಲ್ಲಿ ಬರೀ ದೂಳು ಬಂದಿತ್ತು. ಆ ವರ್ಷ ಹೋಬಳಿಯಲ್ಲಿ ಕೊರೆದ ಬೋರುಗಳಲ್ಲೆಲ್ಲ ದೂಳೇ ಬಂದಿತ್ತು, ಮಿಕ್ಕವಕ್ಕೆ ಕಾಯಿ ಒಡೆದವರು ಬೇರೆಯವರು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ. ವ್ಯಾನಿನೊಳಗೆ ಕೂತಿದ್ದವರೆಲ್ಲ ಒಮ್ಮೆ ಚಿಕ್ಕಸ್ವಾಮಣ್ಣನ ಕಾಲನ್ನೂ ಒಮ್ಮೆ ತಮ್ಮ ತಮ್ಮ ಮಕ್ಕಳ ಮುಖವನ್ನೂ ನೋಡಿದರು. ಇಬ್ಬರು ಇಳಿದೇ ಬಿಟ್ಟರು.

ಮಗ ನಿಂಗರಾಜು ಬಂದು, "ಅಪ್ಪಾ, ನೀನು ನಾಳೆ ಬೆಳಗಿನ ಬಸ್ಸಿಗೆ ಬಂದ್ಬುಡು," ಎಂದು ಪಿಸುಗುಟ್ಟಿದ. ಬೆಳಗಿನ ಬಸ್ಸು ಪಾಂಡವಪುರ ಮುಟ್ಟುವ ಹೊತ್ತಿಗೆ ಧಾರೆ ಮುಗಿದು ಎಲೆ ಹಾಕಿರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಪ್ರಮೀಳಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ತಾತ ಬರ್ದಿದ್ರೆ ನಾನೂ ಬರಾಕಿಲ್ಲ. ಮದ್ವೆ ಇಲ್ಲೇ ಮಾಡಿ, ಡೈರಿ ಮುಂದೆ."

"ನೀನು ಓಗವ್ವಾ. ನಾನು ನಡ್ಕಂಡೇ ಬತ್ತೀನಿ," ಎಂದ ಚಿಕ್ಕಸ್ವಾಮಣ್ಣ. ದನಿ ಗಟ್ಟಿಯಾಗಿಯೇ ಇತ್ತು. ಕಾಲು ಮಾತ್ರ ಮನೆಯ ಕಡೆ ತಿರುಗಿತ್ತು.

ಅದನ್ನು ನೋಡಿ ಅವನ ಹೆಂಡತಿ ಚಿಕ್ಕಬೋರಮ್ಮನಿಗೆ ತಡೆಯಲಾಗಲಿಲ್ಲ. ಹೊಸದಾಗಿ ಮದುವೆಯಾದ ಗಂಡಸು ಹೆಂಡತಿಗೆ ನಿಜವನ್ನೇ ಹೇಳುವ ಒಂದೆರಡು ವಾರ ಇರುತ್ತವೆ. ಆ ವಾರಗಳಲ್ಲಿ ಕೇಳಿದ್ದನ್ನು ಅವಳು ಇಷ್ಟು ವರ್ಷ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಂತೆ ಇಟ್ಟುಕೊಂಡಿದ್ದಳು.

"ಅಯ್ಯೋ ನಿಮ್ ಕಾಲ್ಗುಣಕ್ಕಿಷ್ಟು ಬೆಂಕಿ ಆಕ! ಈವಯ್ಯ ಅಡಗಲ್ಲಿದ್ರೆ ತಾನೆ! ಮಂಗನಬಾವು ಬಂದು ಮೂತಿ ಕುಂಬಳಕಾಯಾಗಿತ್ತು. ಬ್ಯಾರೇರಿಗೂ ಅಂಟ್ಕತ್ತದೆ ಅಂತ ಡಾಕುಟ್ರು ದಡದ ಮ್ಯಾಲೆ ಇಳ್ಸಿ, ಆಸ್ಪತ್ರೇಲಿ ಮನಗ್ಸಿದ್ರು. ಅಡಗು ಈವಯ್ಯನ್ನ ಬುಟ್ಟೋಯ್ತು. ಓಗಿ ಮುಳುಗ್ತು!"

ಡೈರಿಯ ಪುಟ್ಟಸ್ವಾಮಿ, ತಾನೇ ಸಾಕಿದ ಎತ್ತು ಮಾತಾಡಿದ್ದನ್ನು ಕೇಳಿದವನಂತೆ ನಿಂತುಬಿಟ್ಟ. ಅಷ್ಟು ವರ್ಷ ಅವನೂ ಆ ಈರುಳ್ಳಿ ಪೆಟ್ಟಿಗೆಯ ಜೊತೆ ತೇಲಿದ್ದವನೇ.

"ಔದೇನಣ್ಣ?" ಎಂದಳು ಪುಟ್ಟಗೌರಮ್ಮ.

ಚಿಕ್ಕಸ್ವಾಮಣ್ಣ ಊರವರ ಮುಖ ನೋಡಿದ. ಇಲ್ಲ ಎಂದರೆ ಹಡಗು ಉಳಿಯುತ್ತದೆ, ಧಾರೆ ತಪ್ಪುತ್ತದೆ. ಹೌದು ಎಂದರೆ ನಾಳೆಯಿಂದ ಡೈರಿಯ ಮುಂದೆ ಅವನೂ ಹಾಲು ತಂದ ಒಬ್ಬ ಮುದುಕ, ಅಷ್ಟೇ. ಕಿಟಕಿಯಲ್ಲಿ ಪ್ರಮೀಳಾ ಅರಿಸಿನ ಹಚ್ಚಿದ ಕೆನ್ನೆಗೆ ಕೈ ಕೊಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

"ಔದು," ಎಂದ. ಬರೀ ಅಷ್ಟಕ್ಕೆ ನಿಲ್ಲಿಸುವುದು ಅವನಿಂದ ಆಗಲಿಲ್ಲ. "ಆದ್ರೆ ಸುಮ್ನೆ ಮಂಗನಬಾವು ಅಂದ್ಕಬ್ಯಾಡಿ. ಎರಡೂ ಕಡೆ! ಅಂಥಾ ಮಂಗನಬಾವು ಇಡೀ ನೇವೀಲಿ ಯಾರ್ಗೂ ಬಂದಿರ್ನಿಲ್ಲ. ದೊಡ್ಡ ದೊಡ್ಡ ಆಫೀಸರ್ರು ಬಾಗ್ಲಲ್ಲಿ ನಿಂತ್ಕಂಡು ನೋಡ್ಕಂಡೋದ್ರು."

ಪುಟ್ಟಗೌರಮ್ಮ ಮಂಗನಬಾವಿನ ಕಡೆ ಗಮನ ಕೊಡಲಿಲ್ಲ. ಅವಳು ಬೇರೇನೋ ಲೆಕ್ಕ ಹಾಕುತ್ತಿದ್ದಳು.

"ಅಂದ್ರೆ ನೀನಿರೋಗಂಟ ಅಡಗು ತೇಲ್ತಿತ್ತು?"

"ಜಂ ಅಂತ."

"ನೀನ್ ಇಳಿದ್ ಮ್ಯಾಕೆ ಮುಳುಗ್ತು?"

"ಔದವ್ವ, ಅದ್ನೇ ಅಲ್ವಾ..."

"ಲೇ ಚಲುವಾ!" ಎಂದು ಅವಳು ಕೂಗಿದಳು. "ದೊಡ್ಡಪ್ಪನ್ನ ಮುಂದಿನ ಸೀಟಲ್ಲಿ ಕೂರ್ಸ್ಕಳ್ಲಾ! ಇಂಥಾ ಕಾಲ್ಗುಣ ಬುಟ್ಟು ಆ ಬಿಳೀ ಜನ ಕೆಟ್ರು!"

ಇಳಿದಿದ್ದ ಇಬ್ಬರು ಮತ್ತೆ ಹತ್ತಿದರು. ಬರುವುದಿಲ್ಲವೆಂದಿದ್ದ ನಾಲ್ವರೂ ಹತ್ತಿದರು. ದಾರಿಯುದ್ದಕ್ಕೂ ಚಲುವರಾಜು ನಾಲೆ ಏರಿಯ ಮೇಲೆ, ದೇವರು ಪಕ್ಕದಲ್ಲೇ ಕೂತಿರುವವನ ಧೈರ್ಯದಲ್ಲಿ, ಬ್ರೇಕನ್ನು ಮರೆತು ವ್ಯಾನು ಬಿಟ್ಟ. ಚಿಕ್ಕಸ್ವಾಮಣ್ಣ ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದು, ಲಂಕೆಯ ಸಮುದ್ರದಲ್ಲಿ ತಪ್ಪಿಸಿಕೊಂಡದ್ದೆಲ್ಲವನ್ನೂ ಜಕ್ಕನಹಳ್ಳಿಗೂ ಪಾಂಡವಪುರಕ್ಕೂ ನಡುವೆ ಒಟ್ಟಿಗೆ ಅನುಭವಿಸಿದ.

ಛತ್ರದ ಮುಂದೆ ವ್ಯಾನು ನಿಂತಿತು. ವಾಲಗ ಶುರುವಾಯಿತು. ಎಲ್ಲರೂ ಇಳಿದರು. ಚಿಕ್ಕಸ್ವಾಮಣ್ಣ ಬಾಗಿಲಿಗೆ ಕೈ ಹಾಕಿದ.

"ದೊಡ್ಡಪ್ಪಾ, ಎಲ್ಲಿಗೆ?" ಎಂದು ಚಲುವರಾಜು ಅವನ ತೋಳು ಹಿಡಿದ.

"ಮದ್ವೇಗೆ ಕಣ್ಲಾ!"

"ನೀನ್ ಇಳಿದ್ರೆ ಮುಳುಗ್ತದಲ್ಲ? ಊಟ ಇಲ್ಲಿಗೇ ತರ್ಸ್ತೀನಿ. ನಾಳೆ ಧಾರೇನೂ ಇಲ್ಲಿಂದ್ಲೇ ಕಾಣ್ತದೆ, ಕಿಟ್ಕಿ ತಗ್ದಿರ್ತದೆ."

"ಲೇ, ಇದು ನೆಲದ ಮ್ಯಾಲೆ ನಿಂತೈತೆ ಕಣ್ಲಾ, ಎಲ್ಲಿ ಮುಳುಗ್ತದೆ?"

"ಸಾಲ ಮಾಡಿ ತಂದಿರೋ ಗಾಡಿ ದೊಡ್ಡಪ್ಪ. ನೆಲದ್ ಮ್ಯಾಲೂ ಮುಳುಗ್ತದೆ."

ಒಳಗೆ ಗಂಡಿನ ಕಡೆಯವರು ಎದುರುಗೊಳ್ಳಲು ತಟ್ಟೆ ಹಿಡಿದು ನಿಂತಿದ್ದರು. ಪ್ರಮೀಳಾ ಬಾಗಿಲಲ್ಲೇ ನಿಂತು, ಒಳಗೆ ಹೆಜ್ಜೆ ಇಡದೆ, ತಿರುಗಿ ತಿರುಗಿ ನೋಡುತ್ತಿದ್ದಳು. ಚಿಕ್ಕಬೋರಮ್ಮ ಬಿರಬಿರನೆ ವ್ಯಾನಿನ ಹತ್ತಿರ ಬಂದಳು. ಗಂಡನನ್ನು ನೋಡಿದಳು, ಚಲುವರಾಜುವನ್ನು ನೋಡಿದಳು. ಬಗ್ಗಿ, ಗಂಡನ ಕಾಲಿಂದ ಎರಡೂ ಚಪ್ಪಲಿ ಕಿತ್ತು, ಮುಂದಿನ ಸೀಟಿನ ಮೇಲೆ ಜೋಡಿಸಿ ಇಟ್ಟಳು.

"ತಕಳಪ್ಪಾ. ಗುಣ ಇರದು ಕಾಲಲ್ಲಿ ತಾನೆ? ನಲವತ್ತೆಂಟು ವರ್ಷದಿಂದ ನಾನು ನೋಡಿವ್ನಿ, ಬಾಯಲ್ಲಂತೂ ಇಲ್ಲ. ಚಪ್ಲಿ ಇಲ್ಲೇ ಇರ್ಲಿ. ಉಳ್ದಿರೋ ಮುದುಕನ್ನ ನಂಗೆ ಕೊಡು."

ಚಲುವರಾಜು ಚಪ್ಪಲಿಗೆ ಕೈಮುಗಿದು ಬಾಗಿಲು ತೆಗೆದ.

ಛತ್ರದ ಅಂಗಳಕ್ಕೆ ಹೊಸದಾಗಿ ಜಲ್ಲಿ ಹಾಸಿದ್ದರು. ಮೇ ತಿಂಗಳ ಬಿಸಿಲಿಗೆ ಅದು ಕಾದ ಕಾವಲಿಯಾಗಿತ್ತು. ಚಿಕ್ಕಸ್ವಾಮಣ್ಣ ಎದೆ ಉಬ್ಬಿಸಿ ಗಂಭೀರವಾಗಿ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಗಾಂಭೀರ್ಯ ಬಿಟ್ಟು ಹಾರಿದ. ಪಂಚೆ ಎತ್ತಿ ಹಿಡಿದು, ಹುರಿಗಡಲೆಯಂತೆ ಚಿಮ್ಮುತ್ತ, ವಾಲಗದವರಿಗಿಂತ ಮುಂದಾಗಿ ಬಾಗಿಲು ಸೇರಿದ. ಗಂಡಿನ ಕಡೆಯವರು ಇದು ನಾಗಮಂಗಲದ ಕಡೆಯ ಸಂಪ್ರದಾಯವಿರಬೇಕೆಂದು ತಿಳಿದು ಅವನಿಗೇ ಮೊದಲು ಆರತಿ ಎತ್ತಿದರು. ಪ್ರಮೀಳಾ ನಗುತ್ತ ಅವನ ಕೈ ಹಿಡಿದುಕೊಂಡು ಬಲಗಾಲಿಟ್ಟು ಒಳಗೆ ಹೋದಳು.